ಉಂಡಿ ಅಂಗಡಿ ಕ್ಲೌಡ್ ಮ್ಯಾಲ: ಹದಿನಾಲ್ಕ ತಿಂಗಳ ಬಿಲ್ಲು ಮುಂದ ಇಟ್ಕೊಂಡು ಬರದದ್ದು

ಹೋದ ವರ್ಷ ಜುಲೈ ತಿಂಗಳದ ಕ್ಲೌಡ್ ಬಿಲ್ಲು 19,612 ರೂಪಾಯಿ ಬಂತ್ರಿ. ಅದರ ಹಿಂದಿನ ತಿಂಗಳ ಬರೇ 1,770 ಇತ್ತು. ಕ್ಲೌಡ್ ಅಂದ್ರ ದೊಡ್ಡ ಕಂಪನಿ ಕಂಪ್ಯೂಟರ್ ಇಂಟರ್ನೆಟ್ ಮ್ಯಾಲ ಬಾಡಗಿ ತಗೊಂಡು ನಮ್ಮ ಸೈಟ್ ನಡಸೂದು. ನಮ್ಮದು ದೊಡ್ಡ ಕಂಪನಿ ಅಲ್ಲ, ಹಳೇ ಹುಬ್ಬಳ್ಳ್ಯಾಗ ಮನಿ ಹಿತ್ತಲದಾಗ ಒಂದ ತಗಡಿನ ಶೆಡ್ಡು, ನಮ್ಮ ಅತ್ತಿ, ನಾನು, ಓಣ್ಯಾಗಿನ ಐದ ಮಂದಿ ಅಕ್ಕೋರು ಸೇರಿ ಶೇಂಗಾ ಉಂಡಿ, ಎಳ್ಳುಂಡಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಕಟಕ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿ ಕೆಂಪ ಖಾರ ಇಷ್ಟು ಮಾಡಿ ಆನ್‌ಲೈನ್ ಮಾರ್ತೀವಿ. ಕಂಪ್ಯೂಟರ್ ಕೆಲಸಾ ನಮ್ಮ ಮೈದುನ ನೋಡ್ತಾನ, ಲೆಕ್ಕಾ ನಾ ನೋಡ್ತೀನಿ. ಆ ಬಿಲ್ಲು ಬಂದ ದಿನಾನ ಇದನ್ನ ಬರ್ಯಾಕ ಕುಂತಿದ್ರ ಬರೇ ಸಿಟ್ಟ ಇರ್ತಿತ್ತು, ಅದಕ್ಕ ತಡದು, ದೀಪಾವಳಿ ಆತು, ಸಂಕ್ರಾಂತಿನೂ ಮುಗೀತು, ಈಗ ಎಲ್ಲಾ ಬಿಲ್ಲು ಪ್ರಿಂಟ್ ತಗದು ಒಂದರ ಪಕ್ಕ ಒಂದ ಇಟ್ಟು ಬರ್ಯಾಕತ್ತೀನಿ, ನಮ್ಮಂಗ ಮನಿಯಿಂದ ವ್ಯಾಪಾರ ಮಾಡೋರಿಗೆ ಇದು ಉಪಯೋಗಕ್ಕ ಬರಲಿ ಅಂತ.

ಕಂಪನಿ ಹೆಸರು ಬರ್ಯಾಂಗಿಲ್ಲ. ದೊಡ್ಡ ಕ್ಲೌಡ್ ಕಂಪನಿಗೋಳು ರೊಕ್ಕ ತಗೊಳ್ಳೋ ರೀತಿ ಹೆಚ್ಚು ಕಮ್ಮಿ ಒಂದ ಐತಿ, ನಮಗ ಆದದ್ದು ಯಾರ ಹಂತ್ಯಾಕ ಹೋದ್ರೂ ಆಗತಿತ್ತು.

ಮೊದಲಿಂದ ಹೇಳ್ತೀನಿ. 2020 ರ ಲಾಕ್‌ಡೌನ್‌ನ್ಯಾಗ ಅತ್ತಿ ಮಾಡಿದ ಚಟ್ನಿ ಪುಡಿ ವಾಟ್ಸಾಪ್ ಮ್ಯಾಲ ಓಣಿ ಮಂದಿಗೆ ಮಾರಾಕ ಚಾಲೂ ಮಾಡಿದ್ವಿ. ಪುಣೆ, ಬೆಂಗಳೂರು, ಹೈದರಾಬಾದ್‌ನ್ಯಾಗಿನ ನಮ್ಮ ಕಡೆ ಹೆಣ್ಣಮಕ್ಕಳು ಒಬ್ರಿಂದ ಒಬ್ರಿಗೆ ಹೇಳಿ ಹೇಳಿ ಆರ್ಡರ್ ಬಂದುವು, ವಾಟ್ಸಾಪ್‌ನ್ಯಾಗ ಯಾರ ರೊಕ್ಕ ಬಂತು ಯಾರದು ಬರಲಿಲ್ಲ ಅನ್ನೋದು ತಿಳೀಲಾರದಂಗ ಆದಾಗ 2022 ರಾಗ ಒಂದ ವೆಬ್‌ಸೈಟ್ ಮಾಡಿದ್ವಿ. ಅದರ ಹೋಸ್ಟಿಂಗ್, ಅಂದ್ರ ಸೈಟ್ ಇಡೋ ಮಷೀನಿನ ಜಾಗದ ಬಾಡಗಿ, ವರ್ಷಕ್ಕ 2,400 ರೂಪಾಯಿ. ಅಗ್ಗ ಐತಿ ಅಂತ ತಗೊಂಡ್ವಿ, ಆ ಮಷೀನು ಅಮೆರಿಕಾದಾಗ ಐತಿ ಅನ್ನೋದು, ಒಂದ ಮಷೀನಿನ ಮ್ಯಾಲ ನಮ್ಮಂಥಾ ನೂರಾರು ಸೈಟು ಕುಂತಾವು ಅನ್ನೋದು ಆಮ್ಯಾಲ ಗೊತ್ತಾತು.

ಅಮೆರಿಕಾದಾಗ ಇದ್ರ ಏನಾತು ಅಂತ ನಾನೂ ಕೇಳಿದ್ದೆ. ಮೈದುನ ಲೆಕ್ಕಾ ಮಾಡಿ ತೋರ್ಸಿದಾ. ಗಾಜಿನ ಕೇಬಲ್‌ನ್ಯಾಗ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡ್ತೈತಿ, ಅಮೆರಿಕಾದ ಪೂರ್ವ ದಂಡಿ ಇಲ್ಲಿಂದ ಹತ್ತತ್ರ 13,000 ಕಿಲೋಮೀಟರ್, ಹೋಗಿ ಬರೂದಕ್ಕ ಏನೂ ತಡಾ ಇಲ್ಲಾ ಅಂದ್ರೂ 130 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದಾಗ ಒಂದ ಪಾಲು ಅಂದ್ರ ಒಂದ ಮಿಲಿಸೆಕೆಂಡ್), ನಡುವಿನ ಸುತ್ತು ಎಲ್ಲಾ ಹಿಡದ್ರ 250 ಆಗ್ತಿತ್ತು. ಒಂದ ಸಲಕ್ಕ ಅಷ್ಟ ಆದ್ರ ಅಡ್ಡಿ ಇಲ್ಲ, ಆದ್ರ ಒಂದ ಪೇಜ್ ತಗ್ಯಾಕ ಹತ್ತಾರು ಸಲ ಹೋಗಿ ಬರ್ತೈತಿ. ಶೇಂಗಾ ಉಂಡಿ ಫೋಟೋ ಕಾಣೂದ್ರಾಗ ಗಿರಾಕಿ ಬ್ಯಾರೆ ಕಡೆ ಹೋಗಿರ್ತಾರು. ಈಗಿನ ಸರ್ವರ್, ಅಂದ್ರ ಸೈಟ್ ಇಟ್ಟ ಮಷೀನು, ಮುಂಬೈದಾಗ ಐತಿ, ಹುಬ್ಬಳ್ಳಿಯಿಂದ ರೋಡಿನ ಮ್ಯಾಲ 600 ಕಿಲೋಮೀಟರಿನ ಒಳಗ, ನಮ್ಮ ಮನಿ ವೈಫೈಯಿಂದ ನೋಡಿದ್ರ 30 ಮಿಲಿಸೆಕೆಂಡಿನ ಆಜೂಬಾಜೂ ಬರ್ತೈತಿ. ಇಷ್ಟಕ್ಕ ನಾ ಈ ಸರ್ವಿಸ್‌ಗೆ ಪೂರಾ ಮಾರ್ಕ್ಸ್ ಕೊಡ್ತೀನಿ, ಮೊಬೈಲ್‌ನ್ಯಾಗ ಪೇಜ್ ಪಟ್ನ ತಗೀತೈತಿ.

ಮುಂಬೈನ ಯಾಕಂದ್ರ ಸಮುದ್ರದ ಕೇಬಲ್ ಅಲ್ಲೇ ದಂಡಿಗೆ ಬರ್ತಾವು, ಚೆನ್ನೈದಾಗೂ ಬರ್ತಾವು. ಮೈಕ್ರೋಸಾಫ್ಟ್‌ದವ್ರು 2015 ರಾಗ ಪುಣೆ, ಚೆನ್ನೈ, ಮುಂಬೈದಾಗ ಕ್ಲೌಡಿನ ಡೇಟಾ ಸೆಂಟರ್ (ಮಷೀನ್ ಇಡೋ ಕಟ್ಟಡ) ಚಾಲೂ ಮಾಡಿದ್ರು, ಅಮೆಜಾನ್‌ದವ್ರು 2016 ರ ಜೂನ್‌ದಾಗ ಮುಂಬೈಗೆ ಬಂದ್ರು, ಗೂಗಲ್ 2017 ರಾಗ. ಅದಕ್ಕಿಂತ ಮೊದಲ ಈ ಕಂಪನಿಗೋಳ ಮಷೀನ್ ಬಾಡಗಿಗೆ ತಗೊಂಡ್ರ ಸಿಂಗಾಪುರದಂಥಾ ಪರದೇಶಕ್ಕ ಹೋಗಬೇಕಿತ್ತು. ಅಂದ್ರ ನಮ್ಮಂಥಾ ಸಣ್ಣ ಮಂದಿಗೆ ಹತ್ತರದಾಗ ಮಷೀನ್ ಸಿಗಾಕತ್ತಿ ಹತ್ತ ವರ್ಷ ಆತು ಅಷ್ಟ.

ಇನ್ನ ನಾವು ಬದಲಿ ಮಾಡಿದ್ದು ಯಾಕ ಅಂದ್ರ ಪಂಚಮಿ. ನಮ್ಮ ಕಡೆ ನಾಗರ ಪಂಚಮಿ ಅಂದ್ರ ಎಂಥಾ ಹಬ್ಬ ಅನ್ನೋದು ಹೊರಗಿನವ್ರಿಗೆ ತಿಳಿಯೂದು ಕಷ್ಟ. ಹೆಣ್ಣಮಕ್ಕಳು ತವರಿಗೆ ಬರ್ತಾರು, ಬರಾಕ ಆಗಲಾರದವ್ರು ತವರುಮನಿ ಉಂಡಿ ಬಾಯಾಗ ಬೀಳಬೇಕು ಅಂತ ಕಾಯ್ತಾರು. 2024 ರಾಗ ಪಂಚಮಿ ಆಗಸ್ಟ್ 9 ಕ್ಕ ಇತ್ತು. ಅದಕ್ಕ ಎಂಟ ದಿನಾ ಮುಂಚೆ, ಗುರುವಾರ ಸಂಜಿಕ್, ಮೈದುನ ಅಡಗಿಮನಿ ಬಾಗಲಕ್ಕ ಬಂದು "ವೈನಿ, ಸೈಟ್ ಬಿದ್ದೈತಿ" ಅಂದಾ. ಒಮ್ಮಿಗೇ ಇನ್ನೂರ ಮಂದಿ ಬಂದಿದ್ರು ಅಷ್ಟ. ಹೋಸ್ಟಿಂಗ್‌ದವ್ರಿಗೆ ಮೆಸೇಜ್ ಹಾಕಿದ್ರ ನಿಮ್ಮ ಪ್ಲಾನ್‌ನ್ಯಾಗ ಇಷ್ಟ ಅಂದ್ರು, ಎರಡ ದಿನಾ ಬಿದ್ದಕಾಡಿ ಎದ್ದಕಾಡಿ ನಡೀತು. ಪುಣೆದಾಗಿನ ಒಬ್ರು ಅಕ್ಕೋರು ಫೋನ್ ಮಾಡಿ "ರೊಕ್ಕ ಹೋಗೈತ್ರಿ, ಆರ್ಡರ್ ಕಾಣ್ವಲ್ದು" ಅಂದಾಗ ನನಗ ನಾಚಿಕಿ ಆತು, ಮೂರ ದಿನಾ ಬ್ಯಾಂಕಿನ ಪಟ್ಟಿ ತಗೊಂಡು ಯಾರ ರೊಕ್ಕ ಯಾವ ಆರ್ಡರಿಂದು ಅಂತ ಕೈಯಿಂದ ಹೊಂದಸ್ಕೊಂತ ಕುಂತಿದ್ದೆ.

ಇದು ದೊಡ್ಡವ್ರಿಗೂ ಆಗೈತಿ. 2014 ರ ಅಕ್ಟೋಬರ್ 6 ಕ್ಕ ಫ್ಲಿಪ್‌ಕಾರ್ಟ್‌ದವ್ರು ಮೊದಲನೇ ಬಿಗ್ ಬಿಲಿಯನ್ ಡೇ ಅನ್ನೋ ರಿಯಾಯ್ತಿ ಮಾರಾಟ ಮಾಡಿದಾಗ ಸೈಟ್ ನಿಂತು, ಮಾಲು ಖಾಲಿ ಆಗಿ, ಆ ಕಂಪನಿ ಕಟ್ಟಿದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಇಬ್ರೂ ಗಿರಾಕಿಗಳಿಗೆ ಮೇಲ್ ಬರದು ತಪ್ಪಾತು ಅಂದಿದ್ರು. ಅಷ್ಟ ಮಂದಿ ಎಂಜಿನಿಯರ್ ಇದ್ದವ್ರಿಗೇ ಹಬ್ಬದ ನೂಕನುಗ್ಗಲ ಎಷ್ಟ ಬರ್ತೈತಿ ಅಂತ ಅಂದಾಜು ಸಿಗಲಿಲ್ಲ. ಆನ್‌ಲೈನ್ ವ್ಯಾಪಾರ ಇರೋದ ಹಂಗ, ವರ್ಷದಾಗ 350 ದಿನಾ ಒಂದ ಸಣ್ಣ ಮಷೀನು ಸಾಕ್ ಸಾಕಾಗಿ ಉಳೀತೈತಿ, ಉಳಿದ 15 ದಿನಾ ಅಂಥಾವು ಐದಾರ ಬೇಕು.

ಕ್ಲೌಡ್ ಅನ್ನೋದು ಈ 15 ದಿನದ ಸಲುವಾಗಿ ಹುಟ್ಟಿದ್ದು ಅಂತ ನನಗ ಅನಸ್ತೈತಿ. ಅಮೆಜಾನ್‌ದವ್ರು 2006 ರಾಗ ಮೊದಲ ಫೈಲ್ ಇಡೋ ಜಾಗಾ, ಆಮ್ಯಾಲ ಅದ ವರ್ಷ ಮಷೀನು ತಾಸಿನ ಲೆಕ್ಕದಾಗ ಬಾಡಗಿ ಕೊಡಾಕ ಚಾಲೂ ಮಾಡಿದ್ರು. ನಮ್ಮ ಹಳ್ಳಿ ಮಂದಿಗೆ ಇದನ್ನ ತಿಳಸೂದು ಸಸಾರ. ಟ್ರ್ಯಾಕ್ಟರ್ ತಗೋಳಾಕ ಆಗಲಾರದವ್ರು ತಾಸಿಗಿಷ್ಟ ಅಂತ ಬಾಡಗಿ ಕೊಟ್ಟು ಹೊಲಾ ಹೊಡಸ್ತಾರಲ್ಲ, ಹಂಗ. ಹೊಲಾ ಮುಗೀತು, ಟ್ರ್ಯಾಕ್ಟರ್ ಹೋತು, ರೊಕ್ಕ ನಿಂತು. ವ್ಯತ್ಯಾಸ ಒಂದ ಐತಿ, ಟ್ರ್ಯಾಕ್ಟರ್‌ದಂವ ಕೆಲಸಾ ಮುಗದ ಕೂಡ್ಲೇ ತಾನ ಹೋಗ್ತಾನ. ಕ್ಲೌಡ್ ಮಷೀನು ನೀವು ಹೋಗು ಅನ್ನೂ ತನಕಾ ಹೊಲದಾಗ ಇಂಜಿನ್ ಚಾಲೂ ಇಟ್ಕೊಂಡು ನಿಂತಿರ್ತೈತಿ.

2024 ರ ನವೆಂಬರ್‌ದಾಗ ಬದಲಿ ಮಾಡಿದ್ವಿ. ಒಂದ ಸಣ್ಣ ಮಷೀನು, ಫೋಟೋ ಇಡಾಕ ಬ್ಯಾರೆ ಸ್ಟೋರೇಜು, ಆರ್ಡರ್ ಪಟ್ಟಿಗೆ ಒಂದ ಡೇಟಾಬೇಸು. ಮಂದಿ ಹೆಚ್ಚಾದ್ರ ಮಷೀನು ತಾನ ಹೆಚ್ಚಾಗೋ ಆಟೋ ಸ್ಕೇಲಿಂಗ್. ತಿಂಗಳಿಗೆ 1,500, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, 1,770. ವರ್ಷಕ್ಕ 2,400 ಕೊಡ್ತಿದ್ದವ್ರಿಗೆ ತಿಂಗಳಿಗೆ 1,770 ಅಂದಾಗ ಅತ್ತಿ ಒಪ್ಪಲಿಲ್ಲ, "ಒಂದ ಅಕ್ಕೋರ ವಾರದ ಪಗಾರ ಐತಿ ಅದು" ಅಂದ್ರು. ಅವ್ರು ಅಂದದ್ದು ಖರೇ. ಆದ್ರ ಹಿಂದಿನ ಪಂಚಮಿದು ನನ್ನ ಕಣ್ಣ ಮುಂದ ಇತ್ತು, ಆರು ತಿಂಗಳ ನೋಡೋಣು ಅಂತ ಒಪ್ಪಿಸಿದೆ. ಆ ಆರು ತಿಂಗಳ ಬರ್ಯಾಕ ಏನೂ ಇಲ್ಲ, ಸೈಟ್ ಒಂದ ಸಲಾನೂ ಬೀಳಲಿಲ್ಲ.

ಒಂದ ಘಟನಾ ಮಾತ್ರ ಹೇಳಬೇಕು. ಏಪ್ರಿಲ್‌ದಾಗ ಹಳೇ ಟೆಸ್ಟ್ ಆರ್ಡರ್ ಅಳಸಾಕ ಹೋಗಿ ಮೈದುನ ಖರೇ ಆರ್ಡರ್ ಪಟ್ಟಿನ ಅಳಿಸಿಬಿಟ್ಟಾ, ಅವನ ಮಾರಿ ಬೆಳ್ಳಗಾಗಿತ್ತು. ದಿನಾ ರಾತ್ರಿ ಡೇಟಾಬೇಸಿನ ಒಂದ ನಕಲು ತಾನ ತಗದಿಡೋ ಹಂಗ ಮೊದಲ ಹಾಕಿದ್ವಿ, ಅದರಿಂದ ಇಪ್ಪತ್ತ ನಿಮಿಷದಾಗ ಎಲ್ಲಾ ವಾಪಸ್ ಬಂತು, ಅವತ್ತ ಮುಂಜಾನಿದು ಏಳ ಆರ್ಡರ್ ಮಾತ್ರ ಮೇಲ್ ನೋಡಿ ಕೈಯಿಂದ ಹಾಕಿದ್ವಿ. ನಾಕ ವರ್ಷದ ಗಿರಾಕಿಗಳ ಪಟ್ಟಿ ಅದು. ಫ್ಲಿಪ್‌ಕಾರ್ಟಿನಂಥಾ ದೊಡ್ಡ ಮಾರ್ಕೆಟ್‌ಪ್ಲೇಸ್‌ನ್ಯಾಗ ಮಾರಿದ್ರ ಗಿರಾಕಿ ಅವ್ರಿಗೆ ಸೇರಿದವ್ರು, ನಮಗ ಉಳಿಯೂದು ಒಂದ ವಿಳಾಸದ ಚೀಟಿ. ನಮ್ಮ ಹಂತ್ಯಾಕ ಇರೋ ಈ ಪಟ್ಟಿಯೊಳಗ ಯಾರಿಗೆ ಬೆಲ್ಲ ಜಾಸ್ತಿ ಬೇಕು, ಯಾರ ಮನ್ಯಾಗ ಬಾಣಂತಿ ಅದಾರ, ಯಾರಿಗೆ ಖಾರ ಬ್ಯಾಡ ಅನ್ನೋದು ಸೈತ ಬರದಿರ್ತೀನಿ. ಇದರ ನಕಲು ತಗದಿಡಾಕ ತಿಂಗಳಿಗೆ ಕೂಡೋದು 60-70 ರೂಪಾಯಿ. ಇಡೀ ಬಿಲ್ಲಿನ್ಯಾಗ ನಾ ಮನಸಾರೆ ಕೊಡೋ ರೊಕ್ಕ ಇದ.

ಈಗ 2025 ರ ಪಂಚಮಿಗೆ ಬರ್ತೀನಿ, ಜುಲೈ 29. ಅದಕ್ಕ ಹತ್ತ ಹನ್ನೆರಡ ದಿನಾ ಮುಂಚೆ ಯಾರೋ ನಮ್ಮ ಶೇಂಗಾ ಉಂಡಿ ಡಬ್ಬಿ ತಗದು ತಿನ್ನೂ ವೀಡಿಯೊ ಹಾಕಿದ್ರು, ಅದು ಎಲ್ಲಾ ಕಡೆ ಓಡಿತು. ಎರಡ ವಾರದಾಗ ಸುಮಾರು 65,000 ಸಲ ಮಂದಿ ನಮ್ಮ ಸೈಟ್ ತಗದ್ರು. ಮೊದಲ ಎರಡ ದಿನದಾಗ 640 ಡಬ್ಬಿ ಆರ್ಡರ್. ಸೈಟ್ ಅಲುಗಾಡಲಿಲ್ಲ. ಒಂದ ಮಷೀನ್ ಇದ್ದದ್ದು ತಾನ ಎರಡ ಆತು, ನಾಕ ಆತು, ಆರ ಆತು, ಮೈದುನ ಮೊಬೈಲ್‌ನ್ಯಾಗ ಗ್ರಾಫ್ ತೋರಸ್ಕೊಂತ ಮನಿ ತುಂಬ ಓಡ್ಯಾಡಿದಾ. ಅವತ್ತ ರಾತ್ರಿ ಕೇಳಿದ್ರ ಈ ಸರ್ವಿಸ್‌ಗೆ ಐದಕ್ಕ ಐದ ಸ್ಟಾರ್ ಕೊಡ್ತಿದ್ದೆ.

ಮರುದಿನಾ ಮುಂಜಾನಿ ಅತ್ತಿ ಆರ್ಡರ್ ಪಟ್ಟಿ ಕೇಳಿದ್ರು. 640 ಅಂದೆ. ಅವ್ರು ಏನೂ ಅನಲಿಲ್ಲ, ಶೇಂಗಾ ಹುರಿಯೋ ಬಾಂಡ್ಲಿ ಕಡೆ ನೋಡಿದ್ರು. ನಮ್ಮ ಏಳ ಮಂದಿ ಕೈಯಿಂದ ದಿನಕ್ಕ 70 ಡಬ್ಬಿ ಆಗ್ತಾವು, ಒಂದ ಕಿಲೋದ ಡಬ್ಬಿ. ಶೇಂಗಾ ಹುರೀಬೇಕು, ಸಿಪ್ಪಿ ತಗೀಬೇಕು, ಬೆಲ್ಲದ ಪಾಕ ಹದಕ್ಕ ಬರಬೇಕು, ಬಿಸಿ ಇರೂತನಾ ಕಟ್ಟಬೇಕು, ತಣ್ಣಗಾದ್ರ ಉಂಡಿ ಒಡೀತಾವು. ಕೊರಿಯರ್ ಹಬ್ಬಕ್ಕ ಮುಟ್ಟಬೇಕಂದ್ರ ನಮಗ ಉಳದದ್ದು ಆರು ದಿನಾ, ಆರ ಏಳಲೆ 42, ಅಂದ್ರ 420 ಡಬ್ಬಿ. ಉಳಿದ 220 ಮಂದಿಗೆ ನಾನ ಒಬ್ಬೊಬ್ರಿಗೆ ಫೋನ್ ಮಾಡಿ ರೊಕ್ಕ ವಾಪಸ್ ಹಾಕಿದೆ. ಡಬ್ಬಿಗೆ 480 ರಂಗ 1,05,600 ರೂಪಾಯಿ, ಅದರ ಮ್ಯಾಲ ಪೇಮೆಂಟ್ ಗೇಟ್‌ವೇ (ಗಿರಾಕಿ ರೊಕ್ಕ ಆನ್‌ಲೈನ್ ನಮಗ ಮುಟ್ಟಸೋ ಕಂಪನಿ) ಕಮಿಷನ್ 2 ಪರ್ಸೆಂಟ್, 2,112, ಅದು ವಾಪಸ್ ಬರಂಗಿಲ್ಲ, ನಮ್ಮ ಕೈಯಿಂದ ಹೋತು. ರೊಕ್ಕ ಹೋದದ್ದಕ್ಕಿಂತ ಒಬ್ಬ ಹುಡುಗಿ ಹೈದರಾಬಾದಿನಿಂದ "ಅವ್ವ ಹೋದಮ್ಯಾಲ ಮೊದಲನೇ ಪಂಚಮ್ರಿ, ಮನಿ ಉಂಡಿ ಬರ್ತಾವು ಅಂತ ಅನ್ಕೊಂಡಿದ್ದೆ" ಅಂದ್ಲು, ಆಕಿಗೆ ಮಾತ್ರ ನಮ್ಮ ಮನಿಗೆ ಅಂತ ಕಟ್ಟಿದ್ದ ಡಬ್ಬಿ ಕಳಿಸಿದ್ವಿ.

ಸರ್ವರ್ ಒಂದಿದ್ದದ್ದು ಆರ ಆಗಾಕ ನಾಕ ನಿಮಿಷ ಹತ್ತಿತು. ಉಂಡಿ ಕಟ್ಟೂ ಕೈ ಹಂಗ ಆಗಂಗಿಲ್ಲ. ಕ್ಲೌಡ್ ಬಗ್ಗೆ ಹೇಳೂ ಯಾರೂ ಇದನ್ನ ಹೇಳಂಗಿಲ್ಲ, ಎಲ್ಲಾರೂ ಹೇಳೂದು ನಿಮ್ಮ ಸೈಟ್ ಎಷ್ಟ ಮಂದಿ ಬಂದ್ರೂ ತಡೀತೈತಿ ಅಂತ ಅಷ್ಟ. ಹಳೇ ಹೋಸ್ಟಿಂಗ್ ಬಿದ್ದಾಗ ಆರ್ಡರ್ ತಾನ ನಿಂತಿತ್ತು, ಕೆಟ್ಟ ರೀತಿಯಿಂದ ನಿಂತಿತ್ತು ಖರೇ, ಆದ್ರ ನಿಂತಿತ್ತು. ಈಗ ನಿಲ್ಲಸೂದು ನಮ್ಮ ಕೆಲಸಾ ಆತು, ಅದು ನಮಗ ಗೊತ್ತಿರಲಿಲ್ಲ.

ಆಗಸ್ಟ್‌ದಾಗ ಬಿಲ್ಲು ಬಂತು. ಬಿಡಿಸಿ ಹೇಳ್ತೀನಿ, ಯಾಕಂದ್ರ ಇದನ್ನ ತಿಳ್ಕೊಳ್ಳಾಕ ನನಗ ಮೂರ ರಾತ್ರಿ ಹಿಡೀತು. ದಿನಾ ಇರೋ ಖರ್ಚು 1,500. ಹೆಚ್ಚಿಗಿ ಐದ ಮಷೀನು, ತಾಸಿಗೆ 3 ರೂಪಾಯಿಯಂಗ, ಹನ್ನೆರಡ ದಿನಾ, 4,320. ನೂಕನುಗ್ಗಲ ಮೊದಲ ಎರಡ ದಿನಾನ ಇತ್ತು, ಆದ್ರ ಸೈಟ್ ಬಿದ್ದಗಿದ್ದೀತು ಅಂತ ಅಂಜಿ ಆರಕ್ಕಿಂತ ಕಡಿಮಿ ಆಗಬಾರದು ಅಂತ ಮೈದುನ ಸೆಟ್ಟಿಂಗ್ ಮಾಡಿದ್ದಾ, ಅದನ್ನ ತಗ್ಯಾಕ ಉಂಡಿ ಗದ್ದಲದಾಗ ನೆಪ್ಪ ಆಗಲಿಲ್ಲ. ಉಳಿದದ್ದು 10,800, ಅದು ಡೇಟಾ ಹೊರಗ ಹೋಗಿದ್ದಕ್ಕ.

ಇದನ್ನ ಬ್ಯಾಡಗಿ ಕೋಲ್ಡ್ ಸ್ಟೋರೇಜ್ ನೋಡಿದವ್ರಿಗೆ ಹೇಳಿದ್ರ ಲಗೂನ ತಿಳೀತೈತಿ. ಮೆಣಸಿನಕಾಯಿ ಚೀಲಾ ಒಳಗ ಇಟ್ಟಿದ್ದಕ್ಕ ಬಾಡಗಿ ಬ್ಯಾರೆ, ಚೀಲಾ ಹೊರಗ ತಗದು ಗಾಡಿಗೆ ಏರಸೂದಕ್ಕ ಹಮಾಲಿ ಬ್ಯಾರೆ. ಕ್ಲೌಡ್‌ನ್ಯಾಗ ಒಳಗ ಹಾಕೂದು ಪುಕಟ, ಇಡೋ ಬಾಡಗಿನೂ ಭಾಳ ಕಡಿಮಿ, ಹೊರಗ ಹೋಗೋ ಹಮಾಲಿ ಮಾತ್ರ ಜೋರ ಐತಿ, ನಮಗ ಜಿಬಿಗೆ 9 ರೂಪಾಯಿ ಚಿಲ್ಲರ ಬಿತ್ತು. ನಮ್ಮ ಪೇಜಿನ್ಯಾಗ ಮೊಬೈಲ್‌ನ್ಯಾಗ ತಗದ ಫೋಟೋ ಹಂಗ ಹಾಕಿದ್ವಿ, ಒಂದೊಂದು 1.3 ಎಂಬಿ, ಅಂಥಾವು 14, ಒಂದ ಸಲ ಪೇಜ್ ತಗದ್ರ 18 ಎಂಬಿ ಹೊರಗ. 65,000 ಸಲ ತಗದ್ರ 1,170 ಜಿಬಿ. ಆರ್ಡರ್ ಮಾಡಿದವ್ರು 640, ಬರೇ ನೋಡಿ ಹೋದವ್ರು ಉಳಿದವ್ರೆಲ್ಲಾ, ಹಮಾಲಿ ಎಲ್ಲಾರಿಗೂ ಕೊಟ್ವಿ. ಒಟ್ಟ 16,620, ಮ್ಯಾಲ ಜಿಎಸ್‌ಟಿ.

ಅದ ಬಿಲ್ಲಿಂದ ಇನ್ನೊಂದ ಪಜೀತಿ ಆತು. ಕಾರ್ಡಿನಿಂದ ರೊಕ್ಕ ತಾನ ಕಟ್ಟಾಗೂದಕ್ಕ ರಿಸರ್ವ್ ಬ್ಯಾಂಕಿನ ನಿಯಮದಾಗ 15,000 ದ ಮಿತಿ ಐತಿ, ಅದಕ್ಕಿಂತ ಹೆಚ್ಚಾದ್ರ ಓಟಿಪಿ ಕೊಟ್ಟ ಕಳಸಬೇಕು. ನಿಯಮ ಛಲೋನ ಐತಿ, ನಮ್ಮ ರೊಕ್ಕ ನಮ್ಮನ್ನ ಕೇಳಲಾರದ ಹೋಗಬಾರದು ಅಂತ. ಆದ್ರ ನಮಗ ಗೊತ್ತಿರಲಿಲ್ಲ, ಪೇಮೆಂಟ್ ಫೇಲ್ ಆತು ಅಂತ ಬಂದ ಮೇಲ್ ಮೈದುನನ ಹಳೇ ಕಾಲೇಜ್ ಐಡಿಗೆ ಹೋಗಿತ್ತು, ಅಕೌಂಟ್ ಬಂದ್ ಮಾಡ್ತೀವಿ ಅನ್ನೋ ಮೂರನೇ ಮೇಲ್ ಬಂದಾಗ ನೋಡಿದ್ವಿ. ಬಿಲ್ಲಿನ ಮೇಲ್ ಲೆಕ್ಕಾ ನೋಡೋರಿಗೆ ಬರೂ ಹಂಗ ಮೊದಲ ದಿನಾನ ಹಾಕ್ರಿ, ಇದೊಂದ ಮಾತ್ರ ಮರೀಬ್ಯಾಡ್ರಿ.

ಕಂಪನಿದವ್ರಿಗೆ ಬರದ್ವಿ. ಪುಕಟ ಸಪೋರ್ಟ್‌ನ್ಯಾಗ ಬರೇ ಬರವಣಿಗಿ, ಇಂಗ್ಲಿಷ್‌ನ್ಯಾಗ, ಮಾತಾಡಬೇಕಂದ್ರ ತಿಂಗಳಿಗೆ ಬ್ಯಾರೆ ರೊಕ್ಕ. 22 ತಾಸಿಗೆ ಉತ್ತರ ಬಂತು. ಬರದಂವ ಯಾರೋ ಗೊತ್ತಿಲ್ಲ, ಮರ್ಯಾದಿಯಿಂದ ಬರದಿದ್ದಾ, ಎಲ್ಲಾ ನೋಡಿ ಮಷೀನಿನ 4,320 ನಮ್ಮ ಅಕೌಂಟಿಗೆ ವಾಪಸ್ ಜಮಾ ಮಾಡಿದ್ರು, ಡೇಟಾದ ರೊಕ್ಕ ಬಿಡಲಿಲ್ಲ. ಇದಕ್ಕ ನಾ ಧನ್ಯವಾದ ಹೇಳ್ತೀನಿ, ಕೇಳಿದ್ದಕ್ಕ ಕೊಟ್ರು. ನಿಮಗೂ ಹಿಂಗಾದ್ರ ಸುಮ್ನ ಕೂಡಬ್ಯಾಡ್ರಿ, ಏನಾತು ಅನ್ನೋದನ್ನ ಇದ್ದದ್ದು ಇದ್ದಂಗ ಬರದು ಕೇಳ್ರಿ.

ಆದ್ರ ನನ್ನ ದೊಡ್ಡ ತಕರಾರು ಬ್ಯಾರೇನ ಐತಿ. ಬಜೆಟ್ ಅಲರ್ಟ್ ಅಂತ ಒಂದ ಸೌಲಭ್ಯ ಕೊಡ್ತಾರು, 2,500 ದಾಟಿದ್ರ ಮೇಲ್ ಬರಲಿ ಅಂತ ಹಾಕಬಹುದು. ಮೇಲ್ ಬರ್ತೈತಿ ಅಷ್ಟ, ಮೀಟರ್ ನಿಲ್ಲಂಗಿಲ್ಲ. ಲೆಕ್ಕಾನೂ ಆ ಗಳಿಗ್ಯಾಗ ಕಾಣಂಗಿಲ್ಲ, ಎಷ್ಟೋ ತಾಸಿನ ಮ್ಯಾಲ ಕಾಣ್ತೈತಿ, ಅಷ್ಟರಾಗ ಇನ್ನೆರಡ ಸಾವಿರ ಹೋಗಿರ್ತೈತಿ. ಮೊಬೈಲಿಗೆ ಪ್ರೀಪೇಯ್ಡ್ ಹಾಕಸಿದ್ರ ರೊಕ್ಕ ಮುಗದ ಕೂಡ್ಲೇ ಬಂದ್ ಆಗ್ತೈತಿ, ಕೂಲಿ ಮಾಡೋರು ಸೈತ ಅದನ್ನ ನಂಬಿ ಫೋನ್ ಇಟ್ಕೊಂಡಾರು. ಸಣ್ಣ ಅಂಗಡಿಗೋಳ ಸಲುವಾಗಿ ಇಂಥಾದ್ದೊಂದು ಇರಬೇಕಿತ್ತು, 3,000 ಆತು, ಸೈಟಿನ್ಯಾಗ ಒಂದ ಬೋರ್ಡ್ ತೋರ್ಸಿ ನಿಲ್ಲಸ್ತೀವಿ, ಅಂತ. ದೊಡ್ಡ ಕಂಪನಿಗೆ ಸೈಟ್ ನಿಂತ್ರ ನಷ್ಟ, ಅದಕ್ಕ ನಿಲ್ಲಸಬಾರದು ಅಂತ ಮಾಡ್ಯಾರು, ಅದು ತಿಳೀತೈತಿ. ನಮಗ ಸೈಟ್ ಒಂದ ದಿನಾ ನಿಂತ್ರ ನಡೀತೈತಿ, 19,000 ಕೊಡೂದು ನಡ್ಯಾಂಗಿಲ್ಲ. ಇದಕ್ಕ ಎರಡ ಸ್ಟಾರ್ ಕಡಿಮಿ ಮಾಡ್ತೀನಿ.

ಆಮ್ಯಾಲ ನಾವು ಏನ ಮಾಡಿದ್ವಿ ಅಂದ್ರ, ಫೋಟೋ ಎಲ್ಲಾ ಸಣ್ಣ ಮಾಡಿದ್ವಿ, ಒಂದೊಂದು 90 ಕೆಬಿ ಒಳಗ, ಕಣ್ಣಿಗೆ ಏನೂ ಫರಕ್ ಕಾಣಂಗಿಲ್ಲ, ಉಂಡಿ ಉಂಡಿನ ಕಾಣ್ತಾವು. 18 ಎಂಬಿ ಇದ್ದ ಪೇಜ್ ಈಗ 1.2 ಎಂಬಿ. ಅದ 65,000 ಮಂದಿ ಈಗ ಬಂದ್ರ 78 ಜಿಬಿ, ಏಳನೂರ ರೂಪಾಯಿ. ಅಷ್ಟೂ ಕೂಡ ಬ್ಯಾಡ ಅಂತ ಮುಂದ ಒಂದ ಸಿಡಿಎನ್ ಇಟ್ವಿ, ಅಂದ್ರ ಫೋಟೋದ ನಕಲು ಊರೂರಿನ ಸರ್ವರ್‌ನ್ಯಾಗ ಇಟ್ಟು ಅಲ್ಲಿಂದ ಕೊಡೂದು, ಸಣ್ಣ ಸೈಟಿಗೆ ಪುಕಟ ಕೊಡೋರು ಅದಾರು. ಮಷೀನು ಕಡಿಮಿ ಅಂದ್ರ ಒಂದ, ಹೆಚ್ಚಂದ್ರ ಮೂರ. ಎಲ್ಲಾಕ್ಕಿಂತ ದೊಡ್ಡ ಬದಲಾವಣಿ, ಆರ್ಡರಿಗೆ ದಿನದ ಮಿತಿ ಹಾಕಿದ್ವಿ. ಮೈದುನನಿಗೆ ಅರ್ಧ ದಿನದ ಕೆಲಸಾ ಅದು. 70 ಆದ ಕೂಡ್ಲೇ "ಇವತ್ತಿಂದು ಮುಗೀತ್ರಿ, ನಾಳಿ ಮುಂಜಾನಿ 9 ಕ್ಕ ಮತ್ತ ಚಾಲೂ" ಅಂತ ಬರ್ತೈತಿ.

ದೀಪಾವಳಿಯೊಳಗ ಇನ್ನೊಂದ ಪಾಠ ಕಲತ್ವಿ. ಕಳದ ವರ್ಷ ಅಕ್ಟೋಬರ್ 20 ಕ್ಕ, ನರಕ ಚತುರ್ದಶಿ ದಿನಾ ಮಧ್ಯಾಹ್ನ, ಅಮೆರಿಕಾದ ವರ್ಜೀನಿಯಾದಾಗ ಅಮೆಜಾನ್ ಕ್ಲೌಡಿನ ಡೇಟಾಬೇಸ್ ಸರ್ವಿಸಿನ ವಿಳಾಸ ಡಿಎನ್‌ಎಸ್‌ನ್ಯಾಗಿಂದ (ಇಂಟರ್ನೆಟ್ಟಿನ ವಿಳಾಸದ ಪುಸ್ತಕ ಇದ್ದಂಗ) ಅಳಸಿ ಹೋಗಿ ಜಗತ್ತಿನ ತುಂಬ ಸ್ನ್ಯಾಪ್‌ಚಾಟ್, ಸಿಗ್ನಲ್ ಸೇರಿ ಎಷ್ಟೋ ಆಪ್ ನಿಂತುಬಿಟ್ವು. ಟಿವ್ಯಾಗ ಕ್ಲೌಡ್ ಬಿತ್ತು ಅಂತ ಬಂದ ಕೂಡ್ಲೇ ಅತ್ತಿ ಕೇಳಿದ್ರು, "ನಮ್ಮದೂ ಹೋತೇನ?" ಅಂತ. ಹೋಗಿರಲಿಲ್ಲ. ನಮ್ಮ ಕಂಪನಿ ಬ್ಯಾರೆ, ಊರೂ ಬ್ಯಾರೆ. ಆದ್ರ ಅವತ್ತ ನಾ ತಿಳ್ಕೊಂಡದ್ದು ಇದು, ಕ್ಲೌಡ್ ಅಂದ್ರ ಮ್ಯಾಲೆಲ್ಲೋ ತೇಲೂದಲ್ಲ, ಒಂದ ಊರಾಗಿನ ಒಂದ ಕಟ್ಟಡದಾಗಿನ ಮಷೀನು, ಅದಕ್ಕ ಕರೆಂಟ್ ಬೇಕು, ತಂಪ ಬೇಕು, ಅದರ ವಿಳಾಸ ಬರದ ಪುಸ್ತಕ ಹರದ್ರ ಮಷೀನು ಗಟ್ಟಿ ಇದ್ರೂ ಯಾರಿಗೂ ಸಿಗಂಗಿಲ್ಲ. ಅವತ್ತಿನಿಂದ ಆರ್ಡರ್ ಪಟ್ಟಿ ದಿನಾ ಸಂಜಿಕ್ ಮನಿ ಲ್ಯಾಪ್‌ಟಾಪ್‌ಗೂ ಒಂದ ಇಳಸ್ಕೋತೀವಿ, ಹಬ್ಬದ ವಾರದಾಗ ಪ್ರಿಂಟೂ ತಗೀತೀವಿ.

ಕೆಲವ್ರು ಕೇಳ್ತಾರು, ಅಷ್ಟ್ಯಾಕ್ರಿ, ಮನ್ಯಾಗ ಒಂದ ಕಂಪ್ಯೂಟರ್ ಇಡ್ರಿ ಅಂತ. ಮಳಿಗಾಲದಾಗ ಕರೆಂಟ್ ಹೋದ್ರ ನಮ್ಮ ಯುಪಿಎಸ್ ನಲವತ್ತ ನಿಮಿಷ. ಇಂಟರ್ನೆಟ್ ಕೇಬಲ್ ಗಟಾರ ಅಗಿಯೋ ಜೆಸಿಬಿ ಹರಿದ್ರ ಎರಡ ದಿನಾ. ಅದು ಆಗದ ಮಾತು.

ಈಗ ಡೇಟಾ ಸೆಂಟರ್ ದಕ್ಷಿಣದ ಕಡೆ ಇನ್ನೂ ಹೆಚ್ಚ ಬರಾಕತ್ತಾವು. ಅಮೆಜಾನ್ 2022 ರಾಗ ಹೈದರಾಬಾದ್‌ದಾಗ ಚಾಲೂ ಮಾಡೈತಿ, ಗೂಗಲ್ 2025 ರ ಅಕ್ಟೋಬರ್‌ದಾಗ ವಿಶಾಖಪಟ್ಟಣದಾಗ ಐದ ವರ್ಷಕ್ಕ 15 ಬಿಲಿಯನ್ ಡಾಲರ್ ಹಾಕ್ತೀವಿ ಅಂತ ಹೇಳೈತಿ, ಎಐ ಸಲುವಾಗಿ. ನಮ್ಮ ಹುಬ್ಬಳ್ಳಿಗೂ ಒಂದ ಬರಲಿ ಅಂತ ಮಂದಿ ಆಸೆ ಪಡೂದು ಕೇಳೇನಿ. ಬರಲಿ, ನಮ್ಮ ಹುಡುಗೂರು ಬೆಂಗಳೂರಿಗೆ ಹೋಗೂದು ತಪ್ಪಿದ್ರ ನನಗೂ ಸಂತೋಷನ. ಆದ್ರ ಆ ಮಷೀನ್ ತಂಪ ಇಡಾಕ ಭಾಳ ಕಡೆ ನೀರ ಬಳಸ್ತಾರು, ನಮ್ಮ ಊರಿಗೆ ನೀರು ಸವದತ್ತಿ ಹತ್ರ ಮಲಪ್ರಭಾದಿಂದ ಬರ್ತೈತಿ, ಐದಾರ ದಿನಕ್ಕೊಮ್ಮಿ ನಳ ಬಿಡೂ ಓಣಿ ಇನ್ನೂ ಅದಾವು. ಬ್ಯಾರಲ್ ತುಂಬಿಟ್ಕೊಂಡು ಉಂಡಿ ಮಾಡೋ ನಾವು ಮೊದಲ ಕೇಳೂದು ನೀರು ಎಲ್ಲಿಂದ ತರ್ತೀರಿ ಅನ್ನೋದನ್ನ. ನಮ್ಮ ಅಂಗಡಿ ಸಲುವಾಗಿ ಅಂದ್ರ ಮುಂಬೈ ಸಾಕು, 30 ಮಿಲಿಸೆಕೆಂಡ್ ಹತ್ತ ಆದ್ರ ಉಂಡಿ ಹೆಚ್ಚ ಮಾರಂಗಿಲ್ಲ.

ಯಾರು ತಗೋಬೇಕು ಅಂದ್ರ, ದಿನಕ್ಕ ಹತ್ತ ಇಪ್ಪತ್ತ ಆರ್ಡರ್ ಇರೋರು, ಬರೇ ಓಣಿ, ಊರು ಗಿರಾಕಿ ಇರೋರು ಬ್ಯಾಡ್ರಿ, ವಾಟ್ಸಾಪ್ ಬಿಸಿನೆಸ್, ಒಂದ ಯುಪಿಐ ಕ್ಯೂಆರ್ ಸಾಕು, ಆ 1,770 ಒಂದ ಅಕ್ಕೋರಿಗೆ ಕೊಡ್ರಿ. ಹಬ್ಬ ಬಂದಾಗ ಒಮ್ಮಿಗೇ ನುಗ್ಗೋ ಗಿರಾಕಿ ಇರೋರು, ಪರ ಊರಿಗೆ ಕಳಸೋರು ತಗೋರಿ, ಆದ್ರ ಮನ್ಯಾಗ ಬಿಲ್ಲು ಓದಾಕ ಒಬ್ರು, ಸೆಟ್ಟಿಂಗ್ ತಿಳಿಯೋರು ಒಬ್ರು ಇದ್ರ ಮಾತ್ರ. ಹೊರಗಿನವ್ರ ಕೈಯಾಗ ಎಲ್ಲಾ ಕೊಟ್ಟು ಕುಂತ್ರ ಮಷೀನ್ ಎಷ್ಟ ಚಾಲೂ ಅದಾವು ಅನ್ನೋದು ಸೈತ ತಿಳ್ಯಾಂಗಿಲ್ಲ.

ಈ ಸಂಕ್ರಾಂತಿಗೆ ಕಟಕ ರೊಟ್ಟಿ, ಶೇಂಗಾ ಹೋಳಿಗಿ, ಕೆಂಪ ಖಾರ ಸೇರಿ ಹತ್ತ ದಿನಾ ಜೋರ ನಡೀತು. ಬಿಲ್ಲು 2,124 ಬಂತು. ಯಾರಿಗೂ ರೊಕ್ಕ ವಾಪಸ್ ಹಾಕಲಿಲ್ಲ. ಸರ್ವಿಸ್‌ಗೆ ಐದರಾಗ ಮೂರ ಸ್ಟಾರ್ ಕೊಡ್ತೀನಿ, ಆ ಮೀಟರ್ ನಿಲ್ಲಸೂ ಬಟನ್ ಕೊಟ್ಟ ದಿನಾ ಐದ ಮಾಡ್ತೀನಿ.

ದಿನದ ಮಿತಿ ಈಗ 70 ಅಂತ ಗಟ್ಟಿ ಏನ ಇಲ್ಲ. ರಾತ್ರಿ ಊಟ ಆದಮ್ಯಾಲ ಮೈದುನ ಲ್ಯಾಪ್‌ಟಾಪ್ ತಗದು "ಅವ್ವಾ, ನಾಳಿಗೆ ಎಷ್ಟ?" ಅಂತ ಅತ್ತಿನ್ನ ಕೇಳ್ತಾನ, ಅವ್ರು ಹೇಳಿದ್ದನ್ನ ಹಾಕ್ತಾನ. ಮೊನ್ನಿ ಇಬ್ರು ಅಕ್ಕೋರು ಗದಗಿಗೆ ಮದಿವಿಗೆ ಹೋಗಿದ್ರು, ಅತ್ತಿ 40 ಅಂದ್ರು. 40 ಹಾಕಿದ್ವಿ. ಮುಂಜಾನಿ ಹನ್ನೊಂದಕ್ಕ ಮುಗೀತು.